ಒಂಬತ್ತು ಅಡಿ ಸೂರಿನ ಕೆಳಗೆ ಒಂಬತ್ತು ವರ್ಷ

ಅಪ್ಪನದು ಮದ್ದೂರಿನ ಹತ್ತಿರ ಮೈಕ್ ಸೆಟ್ ಅಂಗಡಿ. ಮದುವೆಯಾಗಲಿ, ಗಣೇಶನ ಹಬ್ಬವಾಗಲಿ, ಎಲೆಕ್ಷನ್ನಾಗಲಿ, ಎರಡು ಹಾರನ್ನು, ಒಂದು ಅಹುಜಾ ಆಂಪ್ಲಿಫೈಯರು. ಊರ ಕೊನೇ ಮನೆಗೂ ಕೇಳಿಸಿದರೆ ಕೆಲಸ ಆಯ್ತು ಅಂತ ಲೆಕ್ಕ. 2009ರಲ್ಲಿ ನಾನು ಬೆಂಗಳೂರಿನ ಇಂದಿರಾನಗರದ ಒಂದು ಚಿಕ್ಕ ಕ್ಲಬ್ಬಿಗೆ ಸೌಂಡ್ ನೋಡಿಕೊಳ್ಳಲು ಸೇರಿದೆ. ಅಲ್ಲಿ ಪಕ್ಕದ ಮನೆಗೂ ಕೇಳಿಸಬಾರದು. ಕಲಿತ ವಿದ್ಯೆಯನ್ನು ಬುಡಮೇಲು ಮಾಡಿಕೊಳ್ಳಬೇಕಾಯಿತು.

ಸಾಫ್ಟ್‌ವೇರ್ ಕೆಲಸ ಬಿಟ್ಟ ಇಬ್ಬರು ಗೆಳೆಯರ ಕ್ಲಬ್ಬು ಅದು. ಮೊದಲನೇ ಮಹಡಿ, 120 ಜನ ಸೇರಿದರೆ ಕಾಲಿಡಲು ಜಾಗವಿಲ್ಲ. ಸ್ಟೇಜಿನ ಮುಂದೆಯೇ ಒಂದು ಕಂಬ. ಅದರ ಹಿಂದೆ ನಿಂತವರಿಗೆ ಬಾಸ್ ಗಿಟಾರಿನವನು ಬಂದಿದ್ದಾನೋ ಇಲ್ಲವೋ ಎನ್ನುವುದೇ ತಿಳಿಯುತ್ತಿರಲಿಲ್ಲ. ಊರಲ್ಲಿ ಬ್ಯಾಂಡುಗಳಿಗೆ ಬರವಿರಲಿಲ್ಲ. ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ ನುಡಿಸುತ್ತಿತ್ತು, ಕ್ರಿಪ್ಟೋಸ್ ಮೆಟಲ್ ಬಡಿಯುತ್ತಿತ್ತು, ಸ್ವರಾತ್ಮ, ರಘು ದೀಕ್ಷಿತ್ ಜಾನಪದದ ಕಡೆ ತಿರುಗಿದ್ದರು. ಇದ್ದ ಕೊರತೆ ಜಾಗದ್ದು. ಬಿಫ್ಲ್ಯಾಟ್, ಕೈರಾದಂಥ ಕ್ಲಬ್ಬುಗಳು ಕೆಲವೇ ಇದ್ದವು. ಹಮ್ಮಿಂಗ್ ಟ್ರೀ ಬಂದದ್ದು 2013ಕ್ಕೆ.

ನಮ್ಮಲ್ಲಿ ಮಂಗಳವಾರ ಜಾಜ್, ಗುರುವಾರ ಕರ್ನಾಟಕ ಸಂಗೀತದವರು ಸ್ಯಾಕ್ಸೋಫೋನಿನವರ ಜೊತೆ, ಶುಕ್ರವಾರ ರಾಕು, ಭಾನುವಾರ ಯಾರು ಬೇಕಾದರೂ. ಇದಕ್ಕೆ ಆಮೇಲೆ 'ವೈವಿಧ್ಯ' ಅಂತ ದೊಡ್ಡ ಹೆಸರು ಬಂತು. ಶುರುವಾದದ್ದು ಬರೀ ಗಲ್ಲಾಪೆಟ್ಟಿಗೆಯ ಚಿಂತೆಯಿಂದ. ಮೆಟಲ್ ಕೇಳುವ ಹುಡುಗರು ವಾರಕ್ಕೆ ಒಂದು ಸಲ ಬರುತ್ತಾರೆ, ನಾಲ್ಕು ಸಲ ಬರುವುದಿಲ್ಲ. ನಾಲ್ಕು ರಾತ್ರಿ ತುಂಬಬೇಕಾದರೆ ನಾಲ್ಕು ಥರದ ಜನ ಬೇಕು. ಬಾಗಿಲ ದುಡ್ಡು ಬ್ಯಾಂಡಿಗೆ, ಬಾರಿನ ದುಡ್ಡು ಕ್ಲಬ್ಬಿಗೆ.

ಪ್ರತಿ ರಾತ್ರಿಯದನ್ನೂ 200 ಪುಟದ ನೋಟ್‌ಬುಕ್ಕಲ್ಲಿ ಬರೆದಿಟ್ಟೆ: ಯಾರು ಬಂದರು, ಯಾವ ಮೈಕು ಎಲ್ಲಿಟ್ಟೆ, ಸ್ಪೀಕರಿನ ಸದ್ದು ಮೈಕಿಗೇ ವಾಪಸ್ ಹೊಕ್ಕು ಎಲ್ಲಿ ಕೂಗಿತು. ಮೊದಲ ಆರು ತಿಂಗಳು ಒಂದೇ ಸೆಟ್ಟಿಂಗ್ ಹಾಕಿ ಎಲ್ಲರನ್ನೂ ಓಡಿಸುತ್ತಿದ್ದೆ. ಅದು ತಪ್ಪು ಅಂತ ತೋರಿಸಿಕೊಟ್ಟವರು ಒಬ್ಬ ಮೃದಂಗದ ವಿದ್ವಾಂಸರು.

ಸಂಜೆ ಐದಕ್ಕೇ ಬಂದವರು ನೇರ ಅಡುಗೆಮನೆಗೆ ಹೋಗಿ "ಸ್ವಲ್ಪ ರವೆ ಕೊಡಪ್ಪ" ಅಂದರು. ನಮ್ಮ ಕುಕ್ಕು, "ಉಪ್ಪಿಟ್ಟು ನಾನೇ ಮಾಡ್ಕೊಡ್ತೀನಿ ಬಿಡಿ ಸಾರ್" ಅಂದ. ಅವರು ನಗುತ್ತಾ ರವೆಗೆ ನೀರು ಬೆರೆಸಿ ಕಲಸಿ, ಮೃದಂಗದ ಎಡಗಡೆ ಮುಚ್ಚಿಗೆಯ ನಡುವೆ ತಟ್ಟಿ ಕೂರಿಸಿದರು. ಆ ಹದದಿಂದಲೇ ಎಡಕ್ಕೆ ಗುಂ ಎನ್ನುವ ನಾದ. ನಾನು ಡ್ರಮ್ಮಿಗೆ ಇಡುವ ಹಾಗೆ ಮೈಕನ್ನು ಚರ್ಮಕ್ಕೆ ಅಂಟಿಸಿಟ್ಟೆ. ಒಂದು ಪೆಟ್ಟು ಕೇಳಿ ಹೇಳಿದರು: "ಮಗೂ, ಎಡ ಗುಂ ಅನ್ನಬೇಕು, ಡಬ್ ಅನ್ನಬಾರದು." ಮೈಕನ್ನು ಒಂದು ಗೇಣು ಹಿಂದಕ್ಕೆ ಸರಿಸಿದೆ. ಸರಿಹೋಯಿತು. ಆದರೆ ಮೂರನೇ ಕೃತಿಗೆ ಗುಂಕಾರವೇ ಮಾಯ. ಎಲ್ಲಾ ಕೇಬಲ್ ಹುಡುಕಿದೆ. ಎಡವಟ್ಟು ಏಸಿಯದು, ಗಾಳಿ ನೇರ ಮೃದಂಗಕ್ಕೇ ಬೀಸಿ ರವೆ ಒಣಗುತ್ತಿತ್ತು. ಅವತ್ತಿನ ಪುಟದಲ್ಲಿ ಎರಡೇ ಸಾಲು ಇದೆ: "ಏಸಿ ಕಿಂಡಿ ಗೋಡೆ ಕಡೆ ತಿರುಗಿಸು. ತನಿ ಆವರ್ತನದಲ್ಲಿ (ಮೃದಂಗ ಒಂದೇ ನುಡಿಯುವಾಗ) ಬಾರ್‌ನವನು ಐಸ್ ಕುಲುಕಬಾರದು."

ಅವತ್ತಿನಿಂದ ಸೌಂಡ್ ಚೆಕ್‌ಗೆ ಮುಂಚೆ ಎಲ್ಲಾ ಗುಂಡಿ ಸೊನ್ನೆಗೆ ತಂದು, ಮೈಕಿಲ್ಲದೆ ಒಂದು ಹಾಡು ನುಡಿಸಲು ಹೇಳಿ, ಕೋಣೆಯ ಮಧ್ಯೆ ನಿಂತು ಕೇಳುತ್ತಿದ್ದೆ. ಟ್ರಂಪೆಟ್ಟಿಗೆ ಆ ಕೋಣೆಯಲ್ಲಿ ಮೈಕೇ ಬೇಕಿರಲಿಲ್ಲ. ಎಷ್ಟೋ ಸೌಂಡಿನವರು ಇದನ್ನು ಒಪ್ಪುವುದಿಲ್ಲ, ಇಟ್ಟ ಮೈಕೆಲ್ಲ ಆನ್ ಆಗಿರಬೇಕು ಅವರಿಗೆ.

ಒಂದು ರಾತ್ರಿಯ ಬಗ್ಗೆ ಮಾತ್ರ ಇವತ್ತಿಗೂ ಬೇಜಾರಿದೆ. ಚಾಮರಾಜನಗರದ ಕಡೆಯ ನೀಲಗಾರರನ್ನು ಕರೆಸಿದ್ದೆವು. ತಂಬೂರಿ, ಡಕ್ಕೆ, ಗಗ್ಗರ ಹಿಡಿದು ಬೆಳಗಿನ ತನಕ ಮಂಟೇಸ್ವಾಮಿ ಕಥೆ ಹಾಡುವವರು. ನಾವು ಕೊಟ್ಟದ್ದು 45 ನಿಮಿಷ. ಅವರ ಪೈಕಿ ಹಿರಿಯರು ಇಳಿದು ಬಂದು, "ದೇವ್ರ ಕರೆಯೋ ಹೊತ್ಗೇ ಟೈಮಾಯ್ತು ಅಂದ್ರಲ್ಲ ಸಾಮಿ" ಅಂದರು. ನಮ್ಮ ಕಡೆಯವರೇ, ಅಪ್ಪನ ಮೈಕಲ್ಲೂ ಇಂಥವರು ಹಾಡಿದ್ದರು. ಉತ್ತರ ಹೊಳೆಯಲಿಲ್ಲ. ಊಟ ಬಡಿಸಿ ಕಳಿಸಿದೆ.

ಮೆಟಲ್ ರಾತ್ರಿಗಳ ಕಥೆಯೇ ಬೇರೆ. ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ಮು ಬಿದ್ದಾಗಲೆಲ್ಲ ಇಡೀ ಕೋಣೆ ಹೂಂ ಅಂತ ಹೂಂಗುಟ್ಟುತ್ತಿತ್ತು. ಕೀಚಲಿಂದ ಗಡಸಿನವರೆಗೆ ಒಂದೊಂದು ಮಟ್ಟದ ಸದ್ದನ್ನೂ ಬೇರೆಬೇರೆ ಏರಿಸಿ ಇಳಿಸುವ 31 ಸ್ಲೈಡರಿನ ಈಕ್ವಲೈಸರಿನಲ್ಲಿ 63 ಹರ್ಟ್ಸಿನದನ್ನು, ಅಂದರೆ ಸೆಕೆಂಡಿಗೆ 63 ಸಲ ಕಂಪಿಸುವ ಸದ್ದಿನದನ್ನು, ಕೆಳಗೆಳೆದರೆ ಕಮ್ಮಿಯಾಗುತ್ತಿತ್ತು. ಯಾಕೆ ಅಂತ ಎರಡು ವರ್ಷ ಗೊತ್ತಿರಲಿಲ್ಲ. ಕೊನೆಗೆ ಲೆಕ್ಕ ಹಾಕಿದೆ: ಶಬ್ದ ಸೆಕೆಂಡಿಗೆ ಹೆಚ್ಚುಕಮ್ಮಿ 1,130 ಅಡಿ ಓಡುತ್ತದೆ. ನಮ್ಮ ಸೂರಿನ ಎತ್ತರ 9 ಅಡಿ. ನೆಲದಿಂದ ಸೂರಿಗೆ ಹೋಗಿ ವಾಪಸ್ ಬರಲು 18 ಅಡಿ. 1,130ನ್ನು 18ರಿಂದ ಭಾಗಿಸಿದರೆ 63ಕ್ಕೆ ಸ್ವಲ್ಪ ಕಮ್ಮಿ. ಕೋಣೆ ತಾನೂ ಒಂದು ವಾದ್ಯದ ಹಾಗೆ ಅದೇ ಸ್ವರ ಹಿಡಿದು ಕೂತಿತ್ತು.

ಹಿಂದಿನ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆ. ಮೂರು ಸಲ ಪೊಲೀಸರಿಗೆ ಫೋನ್ ಮಾಡಿದ್ದರು. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ಮೇಲೆ ಮಿತಿ 45 ಡೆಸಿಬೆಲ್, ನ್ಯಾಯ ಅವರ ಕಡೆಗೇ ಇತ್ತು. ಒಂದು ಶುಕ್ರವಾರ ಮಿಕ್ಸರನ್ನು ಗೆಳೆಯನ ಕೈಗೆ ಕೊಟ್ಟು ಅವರ ಮನೆಗೆ ಹೋಗಿ ಕೂತೆ. ಹಾಡು ಕೇಳುತ್ತಲೇ ಇರಲಿಲ್ಲ. ಆದರೆ ಶೋಕೇಸಿನ ಸ್ಟೀಲ್ ಲೋಟಗಳು ಕಿಕ್ ಬಿದ್ದ ಲಯಕ್ಕೆ ಸರಿಯಾಗಿ ಕಿಣಿಕಿಣಿ ಅನ್ನುತ್ತಿದ್ದವು. "ಇದನ್ನ ಕೇಳ್ಕೊಂಡು ಹ್ಯಾಗಪ್ಪ ಮಲಗೋದು?" ಅಂದರು. ಮಾರನೆಯ ದಿನವೇ ಟೊಳ್ಳು ಸ್ಟೇಜಿನೊಳಗೆ ಒಣ ಮರಳಿನ ಚೀಲ ತುಂಬಿದೆವು, ಗಡಸು ಸದ್ದಿನ ದೊಡ್ಡ ಸ್ಪೀಕರುಗಳಾದ ಸಬ್‌ವೂಫರುಗಳನ್ನು ಸ್ಟೇಜಿನಿಂದ ಇಳಿಸಿ ದಪ್ಪ ರಬ್ಬರಿನ ಮೇಲಿಟ್ಟೆವು. ಲೋಟ ಸುಮ್ಮನಾಯಿತು. ಮೇಷ್ಟ್ರು ಒಂದು ಮಂಗಳವಾರ ಜಾಜ್ ಕೇಳಲು ಬಂದು ನಿಂಬೆ ಸೋಡ ಕುಡಿದು ಹೋದರು.

ಮೇಷ್ಟ್ರನ್ನು ಗೆದ್ದೆವು, ಕಾಗದಪತ್ರವನ್ನು ಗೆಲ್ಲಲಾಗಲಿಲ್ಲ. ಬೆಂಗಳೂರಿಗೆ 2005ರ ಒಂದು ಆದೇಶವಿದೆ: ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊತೆಕ್, ಎಲ್ಲಕ್ಕೂ ಪೊಲೀಸ್ ಕಮಿಷನರರ ಪ್ರತ್ಯೇಕ ಲೈಸೆನ್ಸ್ ಬೇಕು. ಕೂತು ಪಿಟೀಲು ಬಾರಿಸುವವರೂ ಕ್ಯಾಬರೆಯೂ ಒಂದೇ ಕಟ್ಟಿನಲ್ಲಿ! ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದಷ್ಟು ಕಾಲ ಹೇಗೋ ನಡೆಯಿತು. 2014ರಲ್ಲಿ ವಾರಾಂತ್ಯಕ್ಕೆ ರಾತ್ರಿ ಒಂದರ ತನಕ ಬಾಗಿಲು ತೆರೆಯಬಹುದು ಅಂದಾಗ ಸಿಹಿ ಹಂಚಿದ್ದೆವು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು 2005ರ ಆ ಲೈಸೆನ್ಸ್ ಆದೇಶವನ್ನು ಎತ್ತಿಹಿಡಿಯಿತು. ಲೈಸೆನ್ಸಿಗೆ ಹೋದರೆ ನಮ್ಮ ಕಟ್ಟಡಕ್ಕೆ ಓಸಿಯೇ (ಕಟ್ಟಡ ಬಳಸಲು ಕೊಡುವ ಸ್ವಾಧೀನ ಪ್ರಮಾಣಪತ್ರ) ಇರಲಿಲ್ಲ. ಮನೆ ಅಂತ ಪ್ಲಾನ್ ಮಾಡಿಸಿ ಕಟ್ಟಿದ್ದು. ಆ ಬೇಸಿಗೆಗೆ ಲೈವ್ ನಿಂತಿತು, ದೀಪಾವಳಿಗೆ ಬಾಗಿಲೇ ಮುಚ್ಚಿತು.

ಸಾಮಾನು ಮಾರಿಕೊಟ್ಟವನು ನಾನೇ. ಈಕ್ವಲೈಸರ್ ಕೊಳ್ಳಲು ತುಮಕೂರಿನ ಕಡೆಯ ಶಾಮಿಯಾನದ ಹುಡುಗನೊಬ್ಬ ಬಂದಿದ್ದ. ಒಂದೊಂದೇ ಸ್ಲೈಡರ್ ಮೇಲೆ ಕೆಳಗೆ ಆಡಿಸಿ ನೋಡಿದ.

"ಎಲ್ಲಾ ಟೈಟಾಗವೆ, ಈ 63 ಮಾತ್ರ ಯಾಕಣ್ಣ ಇಷ್ಟು ಲೂಸು?"

ಅದಕ್ಕೇ ಅಂತ 500 ರೂಪಾಯಿ ಕಮ್ಮಿ ಮಾಡಿಸಿಕೊಂಡು ತಗೊಂಡು ಹೋದ.