ರುಮಟಾಯ್ಡ್ ಸಂಧಿವಾತದವರ ಶ್ವಾಸಕೋಶವನ್ನು ಅಲ್ಟ್ರಾಸೌಂಡ್‌ನಲ್ಲಿ ಪರೀಕ್ಷಿಸುವ ಬಗೆ

ಕೊಡಗಿನಲ್ಲಿ ಮುಂಗಾರು ಹಿಡಿದ ಮೇಲೆ ಕೆಮ್ಮು ಕೇಳಿಸದ ಮನೆ ಅಪರೂಪ. ಹಾಗಾಗಿ ರುಮಟಾಯ್ಡ್ ಸಂಧಿವಾತವಿರುವ ತೋಟದ ಕಾರ್ಮಿಕರೊಬ್ಬರು ಒಣಕೆಮ್ಮು, ಏರು ಹತ್ತುವಾಗ ಏದುಸಿರು ಎಂದು ಹೇಳಿಕೊಂಡರೆ, ಅದನ್ನು ಥಂಡಿಯ ಇಲ್ಲವೇ ಒಲೆಯ ಹೊಗೆಯ ಲೆಕ್ಕಕ್ಕೆ ಹಾಕಿ ಕಳಿಸಿಬಿಡುವುದು ಸುಲಭ. ಆದರೆ ಈ ಕಾಯಿಲೆ ಕೀಲುಗಳನ್ನು ಮೀರಿ ಗಾಳಿಗೂಡುಗಳ ನಡುವಣ ಅಂಗಾಂಶವನ್ನೂ ದಪ್ಪಗಟ್ಟಿಸಬಲ್ಲದು. ವಯಸ್ಸಾದವರು, ಗಂಡಸರು, ಧೂಮಪಾನಿಗಳು ಮತ್ತು ರಕ್ತದಲ್ಲಿ ಆಂಟಿ-ಸಿಸಿಪಿ (ಈ ಸಂಧಿವಾತದಲ್ಲಿ ಕಾಣುವ ಪ್ರತಿಕಾಯ) ಹೆಚ್ಚಿರುವವರಲ್ಲಿ ಈ ಅಪಾಯ ಹೆಚ್ಚು. ಇವರಲ್ಲಿ ಯಾರನ್ನು ಬೇಗ ಸಿಟಿ ಸ್ಕ್ಯಾನಿಗೆ ಕಳಿಸಬೇಕೆಂದು ತಾಲ್ಲೂಕು ಮಟ್ಟದ ವೈದ್ಯರು ತೀರ್ಮಾನಿಸಲು ವಿಕಿರಣವಿಲ್ಲದ ಅಲ್ಟ್ರಾಸೌಂಡ್ ನೆರವಾಗುತ್ತದೆ.

ಮೊದಲಿಗೆ ಕಾನೂನಿನ ಮಾತು. ಯಂತ್ರವೂ ಅದನ್ನು ಬಳಸುವ ಸ್ಥಳವೂ ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿಯಾಗಿರಬೇಕು. ಪೋರ್ಟಬಲ್ ಯಂತ್ರವನ್ನು ಜೀಪಿನಲ್ಲಿಟ್ಟುಕೊಂಡು ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಹೋಗುವ ಉದ್ದೇಶ ಎಷ್ಟೇ ಒಳ್ಳೆಯದಾದರೂ ಅನುಮತಿಯಿಲ್ಲದೆ ಹಾಗೆ ಮಾಡುವಂತಿಲ್ಲ.

ರೋಗಿಯನ್ನು ಕೂರಿಸಿ ಬೆನ್ನಿನಿಂದಲೇ ಪರೀಕ್ಷೆ ಆರಂಭಿಸಬೇಕು, ಏಕೆಂದರೆ ಈ ಹಾನಿ ಸಾಮಾನ್ಯವಾಗಿ ಶ್ವಾಸಕೋಶದ ಹಿಂಬದಿಯ ಬುಡದಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಪ್ಲೂರಾವನ್ನು, ಅಂದರೆ ಶ್ವಾಸಕೋಶದ ಹೊರಪೊರೆಯನ್ನು, ಸೂಕ್ಷ್ಮವಾಗಿ ನೋಡಲು ಲೀನಿಯರ್ (ನೇರ ಮುಖದ) ಪ್ರೋಬ್, ಅದರಿಂದ ಆಳಕ್ಕಿಳಿಯುವ ಬಿ-ಗೆರೆಗಳಿಗೆ (ವಿವರ ಮುಂದಿದೆ) ಕಾನ್ವೆಕ್ಸ್ (ಬಾಗಿದ ಮುಖದ) ಪ್ರೋಬ್ ಅನುಕೂಲ. ಯಂತ್ರದ ಹಾರ್ಮೋನಿಕ್ ಮತ್ತು ಕಾಂಪೌಂಡ್ ಸೌಲಭ್ಯಗಳನ್ನು ಆಫ್ ಮಾಡಿಡಿ. ಚಿತ್ರವನ್ನು ನುಣುಪಾಗಿಸುವ ಈ ಸೌಲಭ್ಯಗಳು ನಮಗೆ ಬೇಕಾದ ಗೆರೆಗಳನ್ನೇ ಮಸುಕುಗೊಳಿಸುತ್ತವೆ. ಪ್ರೋಬನ್ನು ಉದ್ದುದ್ದವಾಗಿ ಹಿಡಿದಾಗ ಎರಡು ಪಕ್ಕೆಲುಬುಗಳ ಕಪ್ಪು ನೆರಳಿನ ನಡುವೆ, ಪಕ್ಕೆಲುಬಿಗಿಂತ ಸುಮಾರು ಅರ್ಧ ಸೆಂಟಿಮೀಟರ್ ಕೆಳಗೆ, ಉಸಿರಿನೊಂದಿಗೆ ಜಾರುವ ಬಿಳಿ ಗೆರೆಯೊಂದು ಕಾಣುತ್ತದೆ. ಅದೇ ಪ್ಲೂರಾ, ಫೋಕಸ್ ಅದರ ಮೇಲಿರಲಿ. ಬೆನ್ನು, ಪಕ್ಕ, ಮುಂಭಾಗ ಎಂಬ ಕ್ರಮದಲ್ಲಿ ಎರಡೂ ಕಡೆಯ ಪಕ್ಕೆಲುಬಿನ ಸಂದುಗಳನ್ನು ಒಂದೊಂದಾಗಿ ನೋಡಿ, ಪ್ರತಿ ಸಂದಿನ ಎಣಿಕೆಯನ್ನು ಬರೆದಿಟ್ಟು, ಕಿರು ವಿಡಿಯೋ ಉಳಿಸಿಕೊಳ್ಳಬೇಕು. ಪ್ರತಿ ಭೇಟಿಯಲ್ಲೂ ಅವೇ ಸಂದುಗಳನ್ನು ನೋಡದಿದ್ದರೆ ಹೋಲಿಕೆಗೆ ಅರ್ಥವಿರುವುದಿಲ್ಲ.

ಎಣಿಸಬೇಕಾದದ್ದು ಬಿ-ಗೆರೆಗಳನ್ನು. ಇವು ಪ್ಲೂರಾದಿಂದ ಹುಟ್ಟಿ, ಮಾಸದೆ ಪರದೆಯ ತಳದವರೆಗೆ ನೇರವಾಗಿ ಇಳಿದು, ಉಸಿರಾಟದೊಂದಿಗೆ ಚಲಿಸುತ್ತವೆ. ಒಂದೇ ಸಂದಿನಲ್ಲಿ 3 ಅಥವಾ ಹೆಚ್ಚು ಕಂಡರೆ ಅಸಹಜವೆನ್ನಬೇಕು. ವಯಸ್ಸಾದ ಆರೋಗ್ಯವಂತರ ಬುಡಭಾಗದಲ್ಲಿ ಒಂದೆರಡು ಕಾಣುವುದುಂಟು. ಹೃದಯ ವೈಫಲ್ಯದಿಂದ ಶ್ವಾಸಕೋಶದಲ್ಲಿ ನೀರು ತುಂಬಿದಾಗಲೂ ಬಿ-ಗೆರೆಗಳು ಮೂಡುತ್ತವಾದರೂ ಆಗ ಪ್ಲೂರಾ ಸಾಮಾನ್ಯವಾಗಿ ನಯವಾಗಿರುತ್ತದೆ. ನಮ್ಮ ರೋಗಿಗಳಲ್ಲಿ ಅದು ದಪ್ಪಗಾಗಿ, ಅಂಕುಡೊಂಕಾಗಿ, ಅಲ್ಲಲ್ಲಿ ತುಂಡಾದಂತೆ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ಎಣಿಕೆಗಿಂತ ಈ ಒರಟುತನವೇ ಹೆಚ್ಚು ನಂಬಲರ್ಹ. ನ್ಯುಮೋನಿಯಾದಲ್ಲೂ ಬಿ-ಗೆರೆಗಳು ಬರುವುದರಿಂದ ಜ್ವರ ಮತ್ತು ಕಫದ ವಿಚಾರಣೆ ಬಿಡಬಾರದು.

ಗಾಳಿ ತುಂಬಿದ ಶ್ವಾಸಕೋಶದೊಳಕ್ಕೆ ಶಬ್ದತರಂಗ ಇಳಿಯದು. ಪ್ಲೂರಾಕ್ಕೆ ತಾಗದ ಆಳದ ಹಾನಿ ಈ ಪರೀಕ್ಷೆಗೆ ಕಾಣುವುದೇ ಇಲ್ಲ. ಆದ್ದರಿಂದ ಬೆನ್ನಿನ ಬುಡದಲ್ಲಿ ವೆಲ್ಕ್ರೋ ಕಿತ್ತಂಥ ಸದ್ದು ಕೇಳಿದರೆ, ಅಥವಾ ನಡೆದ ಬಳಿಕ ಆಕ್ಸಿಮೀಟರ್ ಅಂಕಿ ಇಳಿದರೆ, ಅಲ್ಟ್ರಾಸೌಂಡ್ ಚೊಕ್ಕಟವಾಗಿದ್ದರೂ ಹೈ-ರೆಸಲ್ಯೂಷನ್ ಸಿಟಿ ಮತ್ತು ಶ್ವಾಸಕೋಶದ ಸಾಮರ್ಥ್ಯ ಪರೀಕ್ಷೆಗಾಗಿ ಮಡಿಕೇರಿಗೋ ಮೈಸೂರಿಗೋ ಕಳಿಸಲೇಬೇಕು. ಚೀಟಿಯಲ್ಲಿ ಯಾವ ಸಂದಿನಲ್ಲಿ ಎಷ್ಟು ಗೆರೆ, ಪ್ಲೂರಾ ಹೇಗಿತ್ತು, ಯಾವ ಔಷಧಿ ಎಷ್ಟು ಕಾಲದಿಂದ ಎಂಬುದನ್ನು ನಮೂದಿಸಿ. ಈ ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ಸೇವಿಸುತ್ತಿರುವವರಿಗೆ ಕೆಲವೇ ದಿನಗಳಲ್ಲಿ ಜ್ವರ, ಒಣಕೆಮ್ಮು, ಉಬ್ಬಸ ಏರುತ್ತಿದ್ದರೆ ಎಣಿಕೆಗೆ ಕೂರದೆ ಆ ಮಾತ್ರೆಯನ್ನು ತಡೆಹಿಡಿದು ಅದೇ ದಿನ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು.