ಡಿಸ್ಕ್ ಒಳಗಿದ್ದರೂ ‘ಡಿಸ್ಕ್ ಮಿಸ್ಸಿಂಗ್’ ಅಂದರೆ

ನಾನಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿ ಭಾನುವಾರ ಬೆಳಗ್ಗೆ ಜನ ಕಾರಿನ ಡಿಕ್ಕಿ ತೆರೆದಿಟ್ಟು ಹಳೇ ಸಾಮಾನು ಮಾರುತ್ತಾರೆ. ಹಾಗೆ ಸಿಕ್ಕಿದ್ದು ನನ್ನ ಹಳೇ ಕಂಪ್ಯೂಟರ್, ಆಮ್‌ಸ್ಟ್ರಾಡ್ ಸಿಪಿಸಿ 6128. 1985ರ ಮಾಡೆಲ್, 128 ಕೆಬಿ ಮೆಮೊರಿ, ಬಲಗಡೆ 3 ಇಂಚಿನ ಫ್ಲಾಪಿ ಡ್ರೈವ್. ಮೂರೂವರೆ ಅಲ್ಲ, ಮೂರೇ. ಫೈಲುಗಳ ಪಟ್ಟಿ ನೋಡೋಣ ಅಂತ ‘ಕ್ಯಾಟ್’ ಟೈಪ್ ಮಾಡಿದರೆ ಒಂದೇ ಉತ್ತರ: ‘ಡ್ರೈವ್ ಎ: ಡಿಸ್ಕ್ ಮಿಸ್ಸಿಂಗ್’. ಈಗಷ್ಟೇ ನನ್ನ ಕೈಯಾರೆ ತೂರಿಸಿದ್ದೇನೆ!

ನಾನು ಸೀದಾ ಡ್ರೈವನ್ನು ನಡೆಸುವ ಕಂಟ್ರೋಲರ್ ಚಿಪ್ ಮೇಲೆ ಅನುಮಾನಪಟ್ಟೆ. ಎರಡು ವಾರ ದಂಡ. ನೀವು ಮೊದಲು ಕಿವಿಗೊಟ್ಟು ಕೇಳಿ.

ಡ್ರೈವ್ ಸದ್ದೇ ಮಾಡುತ್ತಿಲ್ಲವಾ? 12 ವೋಲ್ಟ್ ಬರುತ್ತಿದೆಯಾ ನೋಡಿ. ಕಂಪ್ಯೂಟರ್ 5 ವೋಲ್ಟ್‌ನಲ್ಲೇ ಓಡುತ್ತದೆ, ಡ್ರೈವಿನ ಮೋಟರಿಗೆ 12 ಬೇಕು. ಎರಡನ್ನೂ ಕೊಡುವುದು ಮಾನಿಟರ್. ಅದರ ಬದಲು ಬೇರೆ ಅಡಾಪ್ಟರ್ ಹಾಕಿದವರು ಎಡವುವುದು ಇಲ್ಲೇ. ಮೋಟರ್ ಸುಂಯ್ ಅಂತಿದೆ, ಡಿಸ್ಕ್ ಮಾತ್ರ ತಿರುಗುತ್ತಿಲ್ಲ ಅಂದರೆ ಮೋಟರಿನ ತಿರುಗನ್ನು ಡಿಸ್ಕಿಗೆ ದಾಟಿಸುವ ರಬ್ಬರ್ ಬೆಲ್ಟ್ ಹೋಗಿದೆ. ಡಿಸ್ಕಿನಲ್ಲಿ ಇಂಡೆಕ್ಸ್ ಅನ್ನುವ ಪುಟ್ಟ ತೂತಿದೆ, ಡಿಸ್ಕ್ ತಿರುಗದಿದ್ದರೆ ಅದರ ಸಿಗ್ನಲ್ ಬರುವುದಿಲ್ಲ. ಕಂಪ್ಯೂಟರ್ ಲೆಕ್ಕದಲ್ಲಿ ಡಿಸ್ಕೇ ಇಲ್ಲ.

ಪ್ಲಗ್ ಕಿತ್ತಿಟ್ಟು, ಕೆಳಗಿನ ಸ್ಕ್ರೂ ಬಿಚ್ಚಿ, ಮುಚ್ಚಳ ಮೆಲ್ಲಗೆ ಎತ್ತಿ. ಕೀಬೋರ್ಡಿನ ಪಟ್ಟಿ ಕೇಬಲ್ ಅದಕ್ಕೇ ಅಂಟಿಕೊಂಡಿರುತ್ತದೆ. ಕೇಬಲ್ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಡ್ರೈವಿನ ಬೋರ್ಡ್ ಎತ್ತುವಾಗ ಡಿಸ್ಕ್ ಓದುವ ಹೆಡ್‌ನಿಂದ ಬರುವ ತೆಳು ವೈರುಗಳನ್ನು ಎಳೆಯಬೇಡಿ. ಬೋರ್ಡಿನಡಿಯಲ್ಲೇ ಬೆಲ್ಟ್.

ನನ್ನದರಲ್ಲಿ ಬೆಲ್ಟ್ ಇರಲಿಲ್ಲ, ಕರಗಿ ಕಪ್ಪು ಅಂಟಾಗಿತ್ತು. ಥೇಟ್ ಹಲಸಿನ ಮೇಣ. ಬೆರಳಿಗೆ, ಸ್ಕ್ರೂಡ್ರೈವರಿಗೆ, ಕೊನೆಗೆ ಕನ್ನಡಕಕ್ಕೂ ಮೆತ್ತಿತು. ಹಲಸಿನ ಮೇಣಕ್ಕಾದರೆ ಕೊಬ್ಬರಿ ಎಣ್ಣೆ ಸಾಕು, ಇಲ್ಲಿ ಎಣ್ಣೆ ಹತ್ತಿರ ತರಬೇಡಿ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕಿವಿಕಡ್ಡಿ ಅದ್ದಿ, ಮೋಟರಿನ ಪುಟ್ಟ ಗಾಲಿಯನ್ನೂ ದೊಡ್ಡ ಚಕ್ರದ ಅಂಚನ್ನೂ ಹತ್ತಿಗೆ ಕಪ್ಪು ಹತ್ತದ ತನಕ ಒರೆಸಿ. ಚೂರು ಉಳಿದರೂ ಹೊಸ ಬೆಲ್ಟ್ ಕುಂಟುತ್ತದೆ.

ಈ ಡ್ರೈವಿಗೇ ಅಂತ ಮಾಡಿದ ಚಪ್ಪಟೆ ಬೆಲ್ಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಅದು ಬರುವ ತನಕ ಇರಲಿ ಅಂತ ನಾನು ಸುಮ್ನೆ ಒಂದು ರಬ್ಬರ್ ಬ್ಯಾಂಡ್ ಹಾಕಿದೆ. ಡಿಸ್ಕೇನೋ ತಿರುಗಿತು, ಓದಲಿಲ್ಲ. ಬೆಲ್ಟ್ ಸಡಿಲವಾದ ಟೇಪ್ ರೆಕಾರ್ಡರಿನಲ್ಲಿ ಹಾಡು ಎಳೀತಿತ್ತು ಅಲ್ವಾ, ಅದೇ ಕತೆ. ನಿಮಿಷಕ್ಕೆ 300 ಸುತ್ತು ಒಂದೇ ಸಮ ಬೇಕು.

ಹೊಸ ಬೆಲ್ಟ್ ಹಾಕಿ, ಬೆರಳಲ್ಲಿ ಚಕ್ರ ತಿರುಗಿಸಿ ನೋಡಿ. ಬೆಲ್ಟ್ ಎಲ್ಲೂ ಮಗುಚಿರಬಾರದು. ಪರೀಕ್ಷಿಸಲು, ಹಾಳಾದರೂ ಪರವಾಗಿಲ್ಲ ಅನ್ನುವಂಥ ಡಿಸ್ಕ್ ಹಾಕಿ. ಈಗ ‘ರೀಡ್ ಫೇಲ್’ ಬಂದರೆ ಖುಷಿಪಡಿ, ಡಿಸ್ಕ್ ತಿರುಗುತ್ತಿದೆ ಅಂತ ಅರ್ಥ. ಹೆಡ್ಡನ್ನು ಅದೇ ಆಲ್ಕೋಹಾಲ್‌ನಲ್ಲಿ ಹಗುರಾಗಿ ಒರೆಸಿ. ಎದುರಿಗಿರುವ ಮೆತ್ತೆಯನ್ನು ಕೀಳಬೇಡಿ. ಬೇರೆ ಡಿಸ್ಕೂ ಹಾಕಿ ನೋಡಿ. ವೇಗ ತಿದ್ದುವ ಪುಟ್ಟ ಸ್ಕ್ರೂ ಕೊನೆಯ ಉಪಾಯ. ಅದನ್ನು ತಿರುಗಿಸುವ ಮೊದಲು ಎಲ್ಲಿತ್ತು ಅಂತ ಪೆನ್ನಿನಲ್ಲಿ ಗುರುತು ಹಾಕಿ.

ಬೇಸತ್ತು ಪಿಸಿಯ ಮೂರೂವರೆ ಇಂಚಿನ ಡ್ರೈವ್ ಜೋಡಿಸುವವರೂ ಇದ್ದಾರೆ. ಹಾಗೆ ಮಾಡುವುದಾದರೆ ಮಲ್ಟಿಮೀಟರ್ ಹಿಡಿದುಕೊಂಡೇ ಮಾಡಿ: ಆಮ್‌ಸ್ಟ್ರಾಡ್ ಪವರ್ ಕೇಬಲಿನಲ್ಲಿ 5 ಮತ್ತು 12 ವೋಲ್ಟ್ ಪಿಸಿಗಿಂತ ಅದಲುಬದಲು.