ಗುಂಡು ಹಾರದ ನೂರು ಪುಟಗಳು: ನೌಕಾಯುದ್ಧದ ಥ್ರಿಲ್ಲರ್ ಓದುವ ಕ್ರಮ

ನೌಕಾಯುದ್ಧದ ಕಾದಂಬರಿಯನ್ನು ಅರ್ಧಕ್ಕೇ ಮುಚ್ಚಿಟ್ಟವರ ದೂರು ಸಾಮಾನ್ಯವಾಗಿ ಒಂದೇ: ‘ಬರೀ ಅಂಕಿ, ಬರೀ ಮೂರಕ್ಷರದ ಸಂಕ್ಷೇಪ, ನೂರು ಪುಟ ಕಳೆದರೂ ಒಂದು ಗುಂಡು ಹಾರಲಿಲ್ಲ.’ ದೂರು ಸುಳ್ಳಲ್ಲ. ಆದರೆ ಒಳ್ಳೆಯ ಪುಸ್ತಕವಾದರೆ ಆ ನೂರು ಪುಟದಲ್ಲೇ ಯುದ್ಧದ ಮುಕ್ಕಾಲು ಭಾಗ ಮುಗಿದಿರುತ್ತದೆ. ಯಾರು ಯಾರನ್ನು ಮೊದಲು ಪತ್ತೆಹಚ್ಚಿದರು, ಪತ್ತೆಯಾದದ್ದು ಏನೆಂದು ಅವರಿಗೆ ಸರಿಯಾಗಿ ತಿಳಿಯಿತೇ, ಇದೇ ಕಥೆ. ಕ್ಷಿಪಣಿ ಹಾರುವುದು ಅದರ ಕೊನೆಯ ನಿಮಿಷ. ನಾನು ಯುದ್ಧನೌಕೆಯವನಲ್ಲ, ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದವನು. ವಾಚ್, ಅಂದರೆ ಪಾಳಿ, ಮುಗಿಸಿ ಬಂದರೆ ಓದಲು ಸಿಗುತ್ತಿದ್ದದ್ದು ಹಿಂದಿನವರು ಬಿಟ್ಟುಹೋದ ಇಂಥ ದಪ್ಪ ಪುಸ್ತಕಗಳೇ. ಓದುತ್ತ ಓದುತ್ತ ರೂಢಿಯಾದ ಕ್ರಮವನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಪುಸ್ತಕ ಅಚ್ಚಾದ ಇಸವಿ ನೋಡಿ. 1980ರ ದಶಕದ್ದಾದರೆ ಕಣ ಬಹುಮಟ್ಟಿಗೆ ಉತ್ತರ ಅಟ್ಲಾಂಟಿಕ್. ಸೋವಿಯತ್ ಜಲಾಂತರ್ಗಾಮಿಗಳು ದಕ್ಷಿಣಕ್ಕೆ ಬರಬೇಕಾದರೆ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಬ್ರಿಟನ್ ನಡುವಿನ ಕಂಡಿಗಳನ್ನು ದಾಟಬೇಕು. ಅಮೆರಿಕದವರು ಸಮುದ್ರದ ತಳದಲ್ಲಿ ಸೋಸಸ್ ಎಂಬ ಹೈಡ್ರೋಫೋನ್ (ನೀರೊಳಗಿನ ಮೈಕ್) ಸಾಲುಗಳನ್ನು ಹಾಸಿ ಕಿವಿಗೊಟ್ಟು ಕೂತಿದ್ದರು. ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದ ಮೇಲೆ ಲೇಖಕರಿಗೆ ಶತ್ರುವೇ ಇಲ್ಲದಂತಾಗಿ ಪರ್ಷಿಯನ್ ಕೊಲ್ಲಿ, ದಕ್ಷಿಣ ಚೀನಾ ಸಮುದ್ರ, ತೈವಾನ್ ಜಲಸಂಧಿಗಳತ್ತ ಹೊರಳಿದರು. 2022ರ ಏಪ್ರಿಲ್‌ನಲ್ಲಿ ಕಪ್ಪು ಸಮುದ್ರದಲ್ಲಿ ರಷ್ಯಾದ ಯುದ್ಧನೌಕೆ ಮಾಸ್ಕ್ವಾ ಮುಳುಗಿದ ಮೇಲೆ ಬಂದ ಪುಸ್ತಕಗಳಲ್ಲಿ ಡ್ರೋನ್ ದೋಣಿಗಳಿಲ್ಲದ ಅಧ್ಯಾಯ ಕಡಿಮೆ. ಇಸವಿ ಗೊತ್ತಿದ್ದರೆ ‘ಇವರೇಕೆ ಉಪಗ್ರಹದ ಚಿತ್ರ ತರಿಸಿಕೊಳ್ಳುತ್ತಿಲ್ಲ’ ಎಂದು ಹಳೆಯ ಪುಸ್ತಕದ ಮೇಲೆ ಸುಮ್ಮನೆ ಸಿಟ್ಟಾಗುವುದು ತಪ್ಪುತ್ತದೆ.

ಆಮೇಲೆ ಒಂದು ಹಾಳೆ, ಒಂದು ಪೆನ್ಸಿಲ್. ನಡುವೆ ಉದ್ದಕ್ಕೆ ಗೆರೆ ಎಳೆಯಿರಿ. ಎಡಕ್ಕೆ ಈ ಪಡೆಗೆ ಗೊತ್ತಿರುವುದು, ಬಲಕ್ಕೆ ಆ ಪಡೆಗೆ ಗೊತ್ತಿರುವುದು. ಓದುಗರಾದ ನಮಗೆ ಎರಡೂ ಗೊತ್ತು, ಲೇಖಕ ಎರಡೂ ಕಡೆಯ ಹಡಗುಗಳ ಬ್ರಿಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ನಮ್ಮನ್ನು ನಿಲ್ಲಿಸಿರುತ್ತಾನೆ. ಗೊಂದಲ ಹುಟ್ಟುವುದೂ ಇಲ್ಲಿಂದಲೇ. ‘ವಾಯವ್ಯಕ್ಕೆ ಯಾವುದೋ ಸದ್ದು, ದೂರ ತಿಳಿಯದು’ ಎಂದಿದ್ದರೆ ಅಷ್ಟನ್ನೇ ಬರೆಯಿರಿ, ಅದು ಯಾವ ಹಡಗೆಂದು ನಿಮಗೆ ಗೊತ್ತಿದ್ದರೂ ಬರೆಯಬೇಡಿ. ಪಕ್ಕದಲ್ಲಿ ಸಮಯ ಹಾಕಿ. ಅಧ್ಯಾಯದ ತಲೆಯ ಮೇಲೆ ‘ಜುಲು’ ಎಂದಿದ್ದರೆ ಅದು ಗ್ರೀನಿಚ್ ಸಮಯ. ಎಲ್ಲವನ್ನೂ ಅದಕ್ಕೇ ಹೊಂದಿಸಿಕೊಂಡರೆ ಒಂದು ಕಡೆ ಬೆಳಗು, ಇನ್ನೊಂದು ಕಡೆ ರಾತ್ರಿ ಎಂಬ ತಲೆನೋವಿಲ್ಲ.

ಈ ಎರಡು ಕಾಲಮ್ಮುಗಳು ಎಷ್ಟು ದೂರ ಸರಿಯಬಲ್ಲವು ಎಂಬುದಕ್ಕೆ ನಿಜ ಘಟನೆಯೇ ಇದೆ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ದಕ್ಷಿಣಕ್ಕೆ ಭಾರತದ ಪುಟ್ಟ ಕ್ಷಿಪಣಿ ದೋಣಿಗಳು ಪಾಕಿಸ್ತಾನದ ಡೆಸ್ಟ್ರಾಯರ್ ಜಾತಿಯ ಯುದ್ಧನೌಕೆ ಖೈಬರ್ ಮೇಲೆ ಸ್ಟಿಕ್ಸ್ ಕ್ಷಿಪಣಿ ಬಿಟ್ಟವು. ಕತ್ತಲಲ್ಲಿ ಹೊಳೆಯುತ್ತ ಬಂದದ್ದನ್ನು ಖೈಬರ್‌ನವರು ವಿಮಾನವೆಂದು ತಿಳಿದರು, ವಿಮಾನ ದಾಳಿಯಾಗಿದೆ ಎಂದೇ ಸಂದೇಶ ಕಳಿಸಿದರು. ಅವರ ಕಾಲಮ್ಮಿನಲ್ಲಿ ದೋಣಿಗಳೇ ಇರಲಿಲ್ಲ. ಕಾದಂಬರಿಯಲ್ಲಿ ಇಂಥ ಜಾಗ ಬಂದಾಗ ಹಾಳೆಯ ಮೇಲೆ ಅದು ಎದ್ದು ಕಾಣುತ್ತದೆ, ಮುಂದಿನ ಪುಟದಲ್ಲಿ ಏನು ತಪ್ಪಲಿದೆ ಎಂಬುದು ನಿಮಗೆ ಮೊದಲೇ ಹೊಳೆಯುತ್ತದೆ. ಥ್ರಿಲ್ ಎನ್ನುವುದು ಅದೇ ತಾನೆ? ಇದನ್ನು ಅತಿ ಎನ್ನುವವರಿಗೆ ಒಂದು ಮಾತು: ‘ರೆಡ್ ಸ್ಟಾರ್ಮ್ ರೈಸಿಂಗ್’ ಎಂಬ 1986ರ ಕಾದಂಬರಿಯ ಕದನಗಳಲ್ಲಿ ಕೆಲವನ್ನು ಟಾಮ್ ಕ್ಲ್ಯಾನ್ಸಿ ಮತ್ತು ಲ್ಯಾರಿ ಬಾಂಡ್, ಬಾಂಡ್ ರೂಪಿಸಿದ ಹಾರ್ಪೂನ್ ಎಂಬ ನೌಕಾಯುದ್ಧದ ಆಟದಲ್ಲಿ ಆಡಿ ನೋಡಿಯೇ ಬರೆದದ್ದು. ಬರೆದವರೇ ಕಾಗದದ ಮೇಲೆ ಹಡಗು ಸರಿಸಿದ್ದಾರೆಂದ ಮೇಲೆ ಓದುವವರಿಗೇನು ನಾಚಿಕೆ?

ಅಂಕಿಗಳಲ್ಲಿ ಬೇಕಾದವು ಕೆಲವೇ. ನಾಟಿಕಲ್ ಮೈಲಿ ಎಂದರೆ 1,852 ಮೀಟರ್. 30 ನಾಟ್ ವೇಗವೆಂದರೆ ಗಂಟೆಗೆ ಸುಮಾರು 55 ಕಿಲೋಮೀಟರ್. ಅಂದರೆ ಯುದ್ಧನೌಕೆ ಓಡಿ ತಪ್ಪಿಸಿಕೊಳ್ಳುವ ಪ್ರಾಣಿಯಲ್ಲ. ಇನ್ನೊಂದು ಲೆಕ್ಕವನ್ನು ಪುಸ್ತಕದ ಒಳರಟ್ಟಿನ ಮೇಲೆ ಬರೆದಿಟ್ಟುಕೊಳ್ಳಿ, ಅದು ಅರ್ಧ ಕಥೆಯನ್ನೇ ಬಿಡಿಸುತ್ತದೆ. ರಾಡಾರ್‌ನ ಎತ್ತರ ಮತ್ತು ಗುರಿಯ ಎತ್ತರ, ಎರಡನ್ನೂ ಮೀಟರಿನಲ್ಲಿ ತೆಗೆದುಕೊಂಡು ವರ್ಗಮೂಲಗಳನ್ನು ಕೂಡಿಸಿ, 4.1ರಿಂದ ಗುಣಿಸಿ. ಭೂಮಿಯ ಬಾಗು ಅಡ್ಡಬರುವ ಮುನ್ನ ರಾಡಾರ್ ಕಾಣಬಲ್ಲ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಹಡಗಿನ ರಾಡಾರ್ 25 ಮೀಟರ್ ಮೇಲಿದೆ, ಕ್ಷಿಪಣಿ ಅಲೆಗಳಿಂದ 4 ಮೀಟರ್ ಮೇಲೆ ಬರುತ್ತಿದೆ ಎನ್ನಿ. ಐದು ಮತ್ತು ಎರಡು, ಏಳು. ಸುಮಾರು 29 ಕಿಲೋಮೀಟರ್. ಸೆಕೆಂಡಿಗೆ 300 ಮೀಟರ್ ಹೋಗುವ ಕ್ಷಿಪಣಿಗೆ ಅದು ಒಂದೂವರೆ ನಿಮಿಷದ ದಾರಿ. ಶಬ್ದದ ವೇಗದ ಎರಡೂವರೆ ಪಟ್ಟಿಗಿಂತ ಹೆಚ್ಚು ಓಡುವಂಥದ್ದಾದರೆ ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಕಪ್ತಾನ ತನ್ನ ಬಾಲ್ಯ ನೆನೆದು, ಮಡದಿಯ ಪತ್ರ ನೆನೆದು, ಆಮೇಲೆ ಆಜ್ಞೆ ಕೊಡುತ್ತಿದ್ದರೆ ಲೇಖಕ ಈ ಲೆಕ್ಕ ಮಾಡಿಲ್ಲ ಎಂದರ್ಥ.

ಅದೇ ರಾಡಾರನ್ನು ಹೆಲಿಕಾಪ್ಟರಿನಲ್ಲಿ 900 ಮೀಟರ್ ಮೇಲಕ್ಕೊಯ್ಯಿರಿ. ಮೂವತ್ತು ಮತ್ತು ಎರಡು, ಮೂವತ್ತೆರಡು. 130 ಕಿಲೋಮೀಟರ್ ದಾಟಿತು. ಒಂದು ಹೆಲಿಕಾಪ್ಟರ್ ಕೆಟ್ಟು ಕೂತರೆ ಇಡೀ ಪಡೆಯ ಮುಖ ಏಕೆ ಬಾಡುತ್ತದೆ ಎಂಬುದು ಈಗ ತಿಳಿಯಿತಲ್ಲ? 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ, ಅರ್ಜೆಂಟೀನಾದ ಎದುರು, ಬ್ರಿಟಿಷ್ ಪಡೆಯ ಬಳಿ ಹೀಗೆ ಮೇಲಿನಿಂದ ನೋಡುವ ರಾಡಾರ್ ಇರಲಿಲ್ಲ. ಮೇ 4ರಂದು ಶೆಫೀಲ್ಡ್ ಎಂಬ ಡೆಸ್ಟ್ರಾಯರ್‌ಗೆ ಎಕ್ಸೊಸೆಟ್ ಕ್ಷಿಪಣಿ ಬಡಿದಾಗ ಅದು ಉಪಗ್ರಹದ ಮೂಲಕ ಸಂದೇಶ ಕಳಿಸುತ್ತಿತ್ತು. ಆ ಪ್ರಸಾರವೇ ಶತ್ರುವಿನ ರಾಡಾರ್ ಅಲೆಗಳನ್ನು ಆಲಿಸುವ ಉಪಕರಣದ ಕಿವಿ ಮುಚ್ಚಿತ್ತು. ‘ರಾಡಾರ್ ಆಫ್ ಮಾಡಿ, ರೇಡಿಯೋ ಮೌನ’ ಎಂಬ ಆಜ್ಞೆಗಳನ್ನು ಬರೀ ಶಿಸ್ತಿನ ಮಾತೆಂದು ಹಾರಿಸಬೇಡಿ. ರಾಡಾರ್ ಅಲೆ ಗುರಿಗೆ ಹೋಗಿ ಮತ್ತೆ ಮರಳಬೇಕು, ಆಲಿಸುವವನಿಗೆ ಒಂದು ದಾರಿಯದಷ್ಟೇ ಸಾಕು. ಹಾಗಾಗಿ ನೋಡುವವನಿಗಿಂತ ಮೊದಲು ಆಲಿಸುವವನಿಗೆ ಸುಳಿವು ಸಿಗುತ್ತದೆ. ರಾಡಾರ್ ಹಚ್ಚಿದ ಸಾಲು ಬಂದಾಗಲೆಲ್ಲ ಹಾಳೆಯ ಎದುರು ಕಾಲಮ್ಮಿನಲ್ಲೂ ಒಂದು ಗುರುತು ಹಾಕಿ.

ನೀರಿನ ಕೆಳಗೆ ಎಲ್ಲವೂ ಕಿವಿಯ ಮೇಲೆ. ಶಬ್ದ ಅಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಆದರೆ ನೇರವಾಗಿ ಓಡುವುದಿಲ್ಲ. ಬಿಸಿ ನೀರು ತಣ್ಣೀರು ಸೇರುವ ಪದರದಲ್ಲಿ ಬಾಗುತ್ತದೆ. ‘ಪದರದ ಕೆಳಗಿಳಿ’ ಎಂದರೆ ಅಡಗಿಕೋ ಎಂದು ಓದಿಕೊಳ್ಳಿ. ಇಲ್ಲಿ ನನ್ನ ಕಸುಬಿನ ಮಾತು ಸ್ವಲ್ಪ ಬರಲಿ. ಹಡಗಿನಲ್ಲಿ ಮಲಗಿದವನಿಗೆ ಎಂಜಿನ್ನಿನ ಸದ್ದು ಕೇಳುವುದೇ ಇಲ್ಲ, ಅದು ನಿಂತರೆ ಮಾತ್ರ ಎಚ್ಚರವಾಗುತ್ತದೆ. ಪಂಪಿನ ಒಂದು ಬೇರಿಂಗ್ ಸವೆದರೆ ಹಳೆಯ ಕೈಗಳಿಗೆ ನೆಲದ ಪ್ಲೇಟಿನ ಮೇಲೆ ನಿಂತ ಕಾಲಿನಲ್ಲೇ ತಿಳಿಯುತ್ತದೆ. ಆ ನಡುಕವೆಲ್ಲ ಹೊರಮೈ ಮೂಲಕ ನೀರಿಗಿಳಿಯುತ್ತದೆ, ನೀರೊಳಗಿನ ಸದ್ದು ಹಿಡಿಯುವ ಸೋನಾರ್‌ನವನು ಬಾಚಿಕೊಳ್ಳುವುದು ಅದನ್ನೇ. ಅಮೆರಿಕದ ಹಡಗುಗಳ ವಿದ್ಯುತ್ 60 ಹರ್ಟ್ಸ್, ರಷ್ಯಾದವರದು 50. ಜನರೇಟರಿನ ಗುಂಯ್‌ಗುಡುವಿಕೆಯಿಂದಲೇ ಹಡಗು ಯಾರದೆಂಬ ಸುಳಿವು ಸಿಗುತ್ತದೆ. ಅಣುಶಕ್ತಿಯ ಜಲಾಂತರ್ಗಾಮಿ ತಿಂಗಳುಗಟ್ಟಲೆ ಮುಳುಗಿರಬಲ್ಲದು, ಆದರೆ ಅದರ ಯಂತ್ರಗಳು ಪೂರ್ತಿ ಸುಮ್ಮನಾಗುವುದಿಲ್ಲ. ಡೀಸೆಲ್‌ನದು ಬ್ಯಾಟರಿಯ ಮೇಲಿರುವಾಗ ಅದಕ್ಕಿಂತ ಮೌನಿ, ಆದರೆ ಬ್ಯಾಟರಿ ತುಂಬಿಸಲು ಉಸಿರುಕೊಳವೆ ಮೇಲೆತ್ತಲೇಬೇಕು. ಡೀಸೆಲ್ ಬಂದ ಕಥೆಯಲ್ಲಿ ಹಾಳೆಯ ಮೂಲೆಯಲ್ಲಿ ಬ್ಯಾಟರಿ ಎಷ್ಟು ಉಳಿದಿದೆ ಎಂದು ಬರೆಯುತ್ತ ಹೋಗಿ. ಲೇಖಕ ಅದನ್ನು ಮರೆತರೆ ಪುಸ್ತಕದ ಮರ್ಯಾದೆ ಅಲ್ಲಿಗೇ ಹೋಯಿತು.

ಆಯುಧಗಳ ವರ್ಣನೆಯನ್ನು ಹಾರಿಸಬಹುದು. ಉದ್ದ, ತೂಕ, ಸಿಡಿತಲೆ, ಮಾದರಿ ಸಂಖ್ಯೆ, ಇವು ಬಹುತೇಕ ಲೇಖಕರ ಹವ್ಯಾಸ. ವ್ಯಾಪ್ತಿ ಎಷ್ಟು, ಬಿಟ್ಟ ಮೇಲೆ ಯಾರಾದರೂ ದಾರಿ ತೋರಬೇಕೇ, ಈ ಎರಡು ತಿಳಿದರೆ ಸಾಕು. 1982ರ ಮೇ 2ರಂದು ಬ್ರಿಟನ್ನಿನ ಕಾಂಕರರ್ ಎಂಬ ಅಣುಶಕ್ತಿ ಜಲಾಂತರ್ಗಾಮಿ ಅರ್ಜೆಂಟೀನಾದ ಜನರಲ್ ಬೆಲ್‌ಗ್ರಾನೊ ಕ್ರೂಸರನ್ನು ಮುಳುಗಿಸಿತು. 323 ಮಂದಿ ಸತ್ತರು. ಹೊಸ ಟೈಗರ್‌ಫಿಶ್ ಟಾರ್ಪಿಡೊಗಳು ಕೈಯಲ್ಲಿದ್ದರೂ ಅದರ ಕಪ್ತಾನ ಆರಿಸಿದ್ದು ಎರಡನೇ ಮಹಾಯುದ್ಧಕ್ಕೂ ಹಿಂದಿನ ವಿನ್ಯಾಸದ ಮಾರ್ಕ್ 8. ಹಳೆಯದರ ಮೇಲೆ ನಂಬಿಕೆ ಹೆಚ್ಚು, ಸಿಡಿತಲೆಯೂ ದೊಡ್ಡದು. ರಾಜಧಾನಿಯ ಸಭಾಕೊಠಡಿಯ ಅಧ್ಯಾಯಗಳನ್ನೂ ನಾನು ಬೇಗ ದಾಟುತ್ತೇನೆ. ಯಾರು ಗುಂಡು ಹಾರಿಸಲು ಅನುಮತಿ ಕೊಟ್ಟರು, ಯಾವ ಷರತ್ತಿನ ಮೇಲೆ ಎಂಬುದಷ್ಟೇ ಅಲ್ಲಿ ಹುಡುಕಬೇಕಾದದ್ದು.

ನಿಧಾನಿಸಬೇಕಾದದ್ದು ಪರದೆಯ ಮುಂದೆ ಕೂತವರ ಮಾತುಗಳಲ್ಲಿ. 1988ರ ಜುಲೈ 3ರಂದು ಅಮೆರಿಕದ ವಿನ್‌ಸೆನ್ಸ್ ಕ್ರೂಸರ್ ಇರಾನಿನ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿ 290 ಜನರನ್ನು ಕೊಂದಿತು. ವಿಮಾನ ಮೇಲೇರುತ್ತಿತ್ತು, ಯಂತ್ರವೂ ಹಾಗೆಂದೇ ದಾಖಲಿಸಿತ್ತು. ಕೂತವರು ಮಾತ್ರ ಇಳಿದು ಮೇಲೆರಗುತ್ತಿದೆ ಎಂದು ವರದಿ ಕೊಟ್ಟರು. ಕ್ಯೂಬಾ ಬಿಕ್ಕಟ್ಟಿನಲ್ಲಿ, 1962ರ ಅಕ್ಟೋಬರ್ 27ರಂದು, ಅಮೆರಿಕದ ಹಡಗುಗಳು ಸೋವಿಯತ್ ಜಲಾಂತರ್ಗಾಮಿ ಬಿ-59 ಮೇಲೇಳಲೆಂದು ಅಭ್ಯಾಸದ ಸಿಡಿಗುಂಡುಗಳನ್ನು ಹಾಕಿದವು. ಒಳಗಿದ್ದವರ ನೆನಪಿನಂತೆ ಕಪ್ತಾನ ಸವಿತ್ಸ್ಕಿ ಯುದ್ಧ ಶುರುವಾಗಿದೆ ಎಂದೇ ಬಗೆದು ಅಣು ಟಾರ್ಪಿಡೊ ಸಿದ್ಧಪಡಿಸಲು ಹೊರಟಿದ್ದ. ತಡೆದದ್ದು ಅದೇ ಜಲಾಂತರ್ಗಾಮಿಯಲ್ಲಿದ್ದ ಇನ್ನೊಬ್ಬ ಅಧಿಕಾರಿ, ವಸಿಲಿ ಅರ್ಖಿಪೊವ್. ಕಾದಂಬರಿಯಲ್ಲಿ ಯಾರಾದರೂ ‘ಖಂಡಿತ’ ಎಂದರೆ ಅಡಿಗೆರೆ ಹಾಕಿ. ಅವರಿಗೆ ಖಂಡಿತವಾಗಿದ್ದು ಉಪಕರಣದಿಂದಲೋ, ಭಯದಿಂದಲೋ, ಮೇಲಧಿಕಾರಿಗೆ ಬೇಕಾದ್ದನ್ನು ಹೇಳುವ ಆತುರದಿಂದಲೋ ನೋಡಿ.

ಇನ್ನು ಹೊಡೆತ ಬಿದ್ದ ಮೇಲಿನ ಪುಟಗಳು. ಹೆಚ್ಚಿನ ಓದುಗರು ಓಡಿಹೋಗುವ, ನಾನು ಕೂತು ಓದುವ ಜಾಗ. ಶೆಫೀಲ್ಡ್‌ಗೆ ಬಡಿದ ಕ್ಷಿಪಣಿ ಬೆಂಕಿ ನಂದಿಸುವ ನೀರಿನ ಮುಖ್ಯ ಕೊಳವೆಯನ್ನೇ ಒಡೆಯಿತು. ನೀರಿಲ್ಲದೆ ಹೋರಾಡಿದರು, ಕೊನೆಗೆ ಹಡಗು ಬಿಟ್ಟರು; ಇಪ್ಪತ್ತು ಮಂದಿ ಸತ್ತರು, ಎಳೆದೊಯ್ಯುವಾಗ ಮೇ 10ರಂದು ಮುಳುಗಿತು. 1987ರ ಮೇ 17ರಂದು ಪರ್ಷಿಯನ್ ಕೊಲ್ಲಿಯಲ್ಲಿ ಇರಾಕಿ ವಿಮಾನವೊಂದು ಅದೇ ಎಕ್ಸೊಸೆಟ್ ಜಾತಿಯ ಎರಡನ್ನು ಅಮೆರಿಕದ ಸ್ಟಾರ್ಕ್‌ಗೆ ಬಡಿಯಿತು. 37 ನಾವಿಕರು ಸತ್ತರು, ಹಡಗು ಉಳಿಯಿತು, ರಿಪೇರಿಯಾಗಿ ಮತ್ತೆ ಕೆಲಸಕ್ಕಿಳಿಯಿತು. ಮರುವರ್ಷ ಏಪ್ರಿಲ್ 14ರಂದು ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್ ಎಂಬ ಫ್ರಿಗೇಟ್ ಇರಾನಿನ ನೌಕಾ ಮೈನಿಗೆ ತಗಲಿತು. ಹಡಗಿನ ಬೆನ್ನೆಲುಬು ಮುರಿಯಿತು, ಎಂಜಿನ್ನುಗಳು ಬುಡದಿಂದ ಕಿತ್ತವು, ಎಂಜಿನ್ ರೂಮಿಗೆ ನೀರು ನುಗ್ಗಿತು. ಬಿರಿಯುತ್ತಿದ್ದ ಮೇಲ್ಗಟ್ಟನ್ನು ನಾವಿಕರು ಉಕ್ಕಿನ ಹಗ್ಗದಿಂದ ಬಿಗಿದು ಕಟ್ಟಿದರು. ಒಬ್ಬನೂ ಸಾಯಲಿಲ್ಲ. ಕಪ್ತಾನ ಪಾಲ್ ರಿನ್ ಆ ನಾವಿಕರಿಂದ ಬೇಸರ ಬರುವಷ್ಟು ಡ್ರಿಲ್ ಮಾಡಿಸಿದ್ದ.

ಹಾಗಾಗಿ ಈ ಪುಟಗಳಲ್ಲಿ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಕರೆಂಟ್ ಇದೆಯೇ? ಪಂಪಿಗೆ ಕರೆಂಟ್ ಎಲ್ಲಿಂದ ಬರುತ್ತಿದೆ? ಹೊಗೆ ಯಾವ ಬಾಗಿಲಿನಿಂದ ಹರಡುತ್ತಿದೆ, ಆ ಬಾಗಿಲು ಮುಚ್ಚಬೇಕಾದವನು ಎಲ್ಲಿದ್ದಾನೆ? ಬೆಂಕಿಗೆ ಸುರಿದ ನೀರು ಎಲ್ಲಿಗೆ ಹೋಯಿತು? ಮೇಲಿನ ಡೆಕ್ಕುಗಳಲ್ಲಿ ನಿಂತ ನೀರು ಅತ್ತಿತ್ತ ಹೊಯ್ದಾಡಿ ಹಡಗನ್ನೇ ವಾಲಿಸುತ್ತದೆ; ಬೆಂಕಿ ಗೆದ್ದು ಹಡಗು ಮಗುಚಿಸಿಕೊಳ್ಳುವ ಅಪಾಯ ಅದು. ಇದನ್ನು ಬಲ್ಲ ಲೇಖಕನ ಕೈಯಲ್ಲಿ ಒಂದು ಕವಾಟ ತಿರುಗಿಸುವ ದೃಶ್ಯ ಹತ್ತು ಸ್ಫೋಟಗಳಿಗಿಂತ ಬಿಗಿಯಾಗಿರುತ್ತದೆ.

ಪುಸ್ತಕ ಕೊಳ್ಳುವ ಮುನ್ನವೂ ನಾನು ತೆರೆಯುವುದು ಈ ಜಾಗವನ್ನೇ. ನಡುವೆ ಎಲ್ಲಾದರೂ ಹಡಗಿಗೆ ಹೊಡೆತ ಬೀಳುವ ಪುಟ ಹುಡುಕಿ, ಅಲ್ಲಿಂದ ಮುಂದೆ ನಾಲ್ಕು ಪುಟ ನಿಂತಲ್ಲೇ ಓದಿ. ಬೆಂಕಿಯ ಚೆಂಡೊಂದು ಎದ್ದು, ಮುಂದಿನ ಪ್ಯಾರಾಕ್ಕೇ ಲೇಖಕ ಇನ್ನೊಂದು ಹಡಗಿಗೆ ನೆಗೆದಿದ್ದರೆ ಮರಳಿ ಶೆಲ್ಫಿಗೆ ಇಡಿ. ಕೆಳಗಿನ ಡೆಕ್ಕಿನಲ್ಲಿ ಯಾರೋ ಟಾರ್ಚು ಹುಡುಕುತ್ತಿದ್ದರೆ ಕೊಳ್ಳಿ.